ಪೆಟ್ಲುಪ್ಪಿನ ಸೂಜಿಗಳು

ತಣ್ಣೀರಿನ ತಳದಲ್ಲಿ ಹಟ ಹಿಡಿದು ಕೂತ ಕಲ್ಲುಪ್ಪು ಒಲೆಯ ಮೇಲೆ ಬೇಗ ಕರಗುವುದು ಉಪ್ಪಿನಕಾಯಿ ಹಾಕುವವರಿಗೆಲ್ಲ ಗೊತ್ತು. ಬೇಗ ಕರಗುತ್ತದೆ, ನಿಜ. ಹೆಚ್ಚು ಕರಗುತ್ತದೆ ಅಂದುಕೊಂಡರೆ ಮಾತ್ರ ಮೋಸ. 100 ಗ್ರಾಂ ನೀರು 0 ಡಿಗ್ರಿಯಲ್ಲಿ ಸುಮಾರು 36 ಗ್ರಾಂ ಅಡುಗೆ ಉಪ್ಪನ್ನು ಕರಗಿಸಿಕೊಂಡರೆ, 100 ಡಿಗ್ರಿಯಲ್ಲಿ ಸುಮಾರು 39. ಅಷ್ಟೆಲ್ಲ ಸೌದೆ ಸುಟ್ಟಿದ್ದಕ್ಕೆ ಮೂರೇ ಗ್ರಾಂ! ಕಾಸಿ ಆರಿಸಿದರೆ ಈ ಉಪ್ಪು ಸಿಗುವುದಿಲ್ಲ, ನೀರನ್ನೇ ಕಳೆಯಬೇಕು. ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪುನೀರು ಬಿಸಿಲಿಗೆ ಮೈಯೊಡ್ಡಿ ಮಲಗಿರುವುದು ಅದಕ್ಕೇ.

ಪೆಟ್ಲುಪ್ಪಿನ (ಪೊಟ್ಯಾಸಿಯಂ ನೈಟ್ರೇಟ್) ಸ್ವಭಾವವೇ ಬೇರೆ. ಅಷ್ಟೇ ನೀರಿನಲ್ಲಿ 0 ಡಿಗ್ರಿಗೆ ಸುಮಾರು 13 ಗ್ರಾಂ, 20 ಡಿಗ್ರಿಗೆ 32, 100 ಡಿಗ್ರಿಗೆ 240 ಗ್ರಾಂ ದಾಟುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದರ ಬಿಸಿ ದ್ರಾವಣವನ್ನು ಸೋಸಿ ಕಿಟಕಿಯ ಪಕ್ಕ ಇಟ್ಟಿದ್ದೆ. ಮೊದಲು ಏನೂ ಇಲ್ಲ, ಬರೀ ತಿಳಿನೀರು. ಬೀಕರು ಕೈಗೆ ಉಗುರುಬೆಚ್ಚಗೆ ಹತ್ತುವ ಹೊತ್ತಿಗೆ ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ಗೆರೆ. ಕಣ್ಣಿನ ಭ್ರಮೆಯೇನೋ ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಆಮೇಲೆ ಅವು ಒಂದನ್ನೊಂದು ಅಡ್ಡಹಾಯುತ್ತ, ಗಾಜಿನಂತೆ ಹೊಳೆಯುತ್ತ, ನೀರಿನೊಳಗೇ ಸೂಜಿಗಳ ಪೊದೆಯಾಗಿ ಬೆಳೆದವು. ಪಕ್ಕದ ಗೆಳೆಯ ಅವಸರಕ್ಕೆ ತನ್ನ ಬೀಕರನ್ನು ಮಂಜುಗಡ್ಡೆಯಲ್ಲಿ ಅದ್ದಿದ. ಅವನಿಗೆ ಸಿಕ್ಕಿದ್ದು ಬಿಳಿ ಪುಡಿ. ತೂಕಕ್ಕೆ ಅವನದೇ ಜಾಸ್ತಿ, ನೋಟಕ್ಕೆ ನನ್ನದು.

ಇದರ ಗುಟ್ಟನ್ನು ಅಂಗೈಯೇ ಹೇಳುತ್ತದೆ. ಪೆಟ್ಲುಪ್ಪನ್ನು ನೀರಿಗೆ ಹಾಕಿ ಕಲಕಿದರೆ ಪಾತ್ರೆ ತಣ್ಣಗಾಗುತ್ತದೆ: ಕರಗಲು ಅದು ನೀರಿನ ಶಾಖವನ್ನೇ ಕುಡಿಯುತ್ತದೆ. ಹಾಗಾಗಿ ಶಾಖ ಕೊಟ್ಟಷ್ಟೂ ಅದಕ್ಕೆ ಕರಗುವ ಹುಮ್ಮಸ್ಸು. ಅಕ್ಬರನ ಅರಮನೆಯಲ್ಲಿ ಕುಡಿಯುವ ನೀರನ್ನು ಪೆಟ್ಲುಪ್ಪಿನಿಂದ ತಂಪು ಮಾಡುತ್ತಿದ್ದ ಸಂಗತಿ ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿದೆ. (ಎಲೆಯಡಿಕೆಯ ಸುಣ್ಣದ್ದು ಇದಕ್ಕೆ ತದ್ವಿರುದ್ಧ. ನೀರಿಗೆ ಬಿದ್ದರೆ ಶಾಖ ಬಿಟ್ಟುಕೊಟ್ಟು ಕರಗುತ್ತದೆ. ಅದರ ತಿಳಿಯನ್ನು ಕಾಸಿದರೆ ಮಂಕಾಗುತ್ತದೆ.)

ನನಗೆ ಎಲ್ಲಕ್ಕಿಂತ ರುಚಿಸುವುದು ಹಳೆಯ ಕಾಲದ ಪೆಟ್ಲುಪ್ಪು ಶೋಧಕರ ಜಾಣ್ಮೆ. ಮಣ್ಣಿನಿಂದ ಬಸಿದ ನೀರಿನಲ್ಲಿ ಎರಡೂ ಉಪ್ಪುಗಳು ಬೆರೆತಿರುತ್ತಿದ್ದವು. ಗ್ರಾಂ ಲೆಕ್ಕ, ಡಿಗ್ರಿ ಲೆಕ್ಕ ಅವರ ಬಳಿ ಇರಲಿಲ್ಲ. ಎರಡರ ಗುಣ ಮಾತ್ರ ಚೆನ್ನಾಗಿ ತಿಳಿದಿತ್ತು. ಕುದಿಸುತ್ತ ಹೋದಂತೆ ನೀರು ಬತ್ತಿ, ಬಿಸಿಗೆ ಸೊಪ್ಪು ಹಾಕದ ಅಡುಗೆ ಉಪ್ಪು ಕಡಾಯಿಯ ತಳಕ್ಕೆ ಇಳಿಯುತ್ತಿತ್ತು. ಅದನ್ನು ಜಾಲಿಸೌಟಿನಲ್ಲಿ ಎತ್ತಿ ಹಾಕಿ, ಉಳಿದ ಬಿಸಿ ರಸವನ್ನು ಅಗಲ ಪಾತ್ರೆಗಳಿಗೆ ಸುರಿದು ಬಿಟ್ಟರಾಯಿತು. ನೀರು ಆರುತ್ತ ಬಂದಂತೆ ಅಂಚಿನಲ್ಲಿ ಆ ಕೂದಲೆಳೆಯ ಗೆರೆ.