ಡಚ್ಚನ ಗಣಿ ಮತ್ತು ಅದರ ಕಥೆಗಾರರು

1891ರ ಫೆಬ್ರವರಿಯಲ್ಲಿ ಅರಿಜೋನಾದ ಸಾಲ್ಟ್ ನದಿ ಉಕ್ಕಿ ಹರಿದು ಫೀನಿಕ್ಸ್ ಊರಿಗೆ ನುಗ್ಗಿತು. ನದಿಯ ಬದಿಯಲ್ಲಿ ಒಂಟಿಯಾಗಿ ಬೇಸಾಯ ಮಾಡಿಕೊಂಡಿದ್ದ ಜೇಕಬ್ ವಾಲ್ಟ್ಸ್ ಎಂಬ ಮುದುಕ ಪ್ರವಾಹದಲ್ಲಿ ಜೀವ ಉಳಿಸಿಕೊಂಡರೂ ಮತ್ತೆ ಚೇತರಿಸಿಕೊಳ್ಳಲಿಲ್ಲ. ಬೇಕರಿ ನಡೆಸುತ್ತಿದ್ದ ಜೂಲಿಯಾ ಥಾಮಸ್ ಅವನನ್ನು ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡಿದಳು. ಅಕ್ಟೋಬರ್ 25ರಂದು ಅವನು ಅಲ್ಲೇ ತೀರಿಕೊಂಡ. ಜರ್ಮನಿಯಿಂದ ಬಂದವನಾದ್ದರಿಂದ ಊರವರ ಬಾಯಲ್ಲಿ ಅವನು ‘ಡಚ್ಚ’. ಸಾಯುವಾಗ ಅವನ ಮಂಚದ ಕೆಳಗೆ ಮೇಣದಬತ್ತಿಯ ಪೆಟ್ಟಿಗೆಯ ತುಂಬ ಚಿನ್ನದ ಅದಿರು ಇತ್ತಂತೆ. ಪೂರ್ವದ ಸೂಪರ್‌ಸ್ಟಿಷನ್ ಬೆಟ್ಟಗಳಲ್ಲಿ ತನಗೊಂದು ಗಣಿ ಗೊತ್ತೆಂದು ಹೇಳಿ ದಾರಿಯ ಗುರುತುಗಳನ್ನೂ ಕೊಟ್ಟನಂತೆ. ಕೊಟ್ಟದ್ದು ತನಗೆ ಎಂದಳು ಜೂಲಿಯಾ. ಅಲ್ಲ, ತನಗೆ ಎಂದ ಡಿಕ್ ಹೋಮ್ಸ್ ಎಂಬಾತ. ಅದಿರಿನ ಪೆಟ್ಟಿಗೆ ಹೋಮ್ಸ್ ಕೈ ಸೇರಿತೆಂದು ಪ್ರತೀತಿ. ಗಣಿ ಇಬ್ಬರಿಗೂ ಸಿಗಲಿಲ್ಲ.

ಅಮೆರಿಕದ ನೈರುತ್ಯ ಭಾಗದ ಮರುಭೂಮಿಯಲ್ಲಿ ‘ಕಳೆದುಹೋದ ಗಣಿ’ಯ ಕಥೆಗಳು ಒಂದು ಪೂರ್ಣ ಸಾಹಿತ್ಯ ಪ್ರಕಾರವಾಗಿ ಬೆಳೆದಿವೆ. ವಾಲ್ಟ್ಸನ ಕಥೆ ಅವುಗಳ ಪಟ್ಟದಾನೆ. ಕರಪತ್ರ, ಪತ್ರಿಕಾ ಲೇಖನ, ಜಾನಪದ ಸಂಗ್ರಹ, ಸಿನಿಮಾ, ನಕಾಶೆ, ಪ್ರವಾಸಿ ಪುಸ್ತಕಗಳೆಲ್ಲ ಸೇರಿ ಒಂದು ಪರಂಪರೆಯಾಗಿದೆ. 1977ರಲ್ಲಿ ಬರ್ಡ್ ಗ್ರೇಂಜರ್ ಎಂಬ ಜಾನಪದ ವಿದ್ವಾಂಸೆ ಅರಿಜೋನಾದ ಇಂಥ ಕಥೆಗಳನ್ನು ಆಶಯ ಸೂಚಿಯಾಗಿ ವಿಂಗಡಿಸಿದರು. ಸಾಯುವವನ ಬಾಯಿಂದ ಬಂದ ಗುಟ್ಟು, ಅರ್ಧ ಹರಿದ ನಕಾಶೆ, ಗುರುತಿನ ಬಂಡೆ, ಹಿಂದಿರುಗುವಾಗ ದಾರಿ ತಪ್ಪುವುದು, ಕಾವಲು ನಿಂತ ಶತ್ರು, ಎಲ್ಲವೂ ಕಥೆಯಿಂದ ಕಥೆಗೆ ಮರಳಿ ಮರಳಿ ಬರುತ್ತವೆ. ಈ ಏಕತಾನತೆಯನ್ನು ಕಂಡು ಪ್ರಕಾರವನ್ನೇ ತಳ್ಳಿಹಾಕುವುದು ಸುಲಭ. ಆದರೆ ಗಣಿ ಎಲ್ಲಿದೆ ಎಂದು ಕೇಳುವುದನ್ನು ಬಿಟ್ಟು, ಕಥೆ ಹೇಳಿದವನಿಗೆ ಏನು ಸಿಕ್ಕಿತು ಎಂದು ಕೇಳಿದರೆ ಈ ಪರಂಪರೆ ಬೇರೆಯೇ ಆಗಿ ಕಾಣುತ್ತದೆ.

ಅದರ ಮೊದಲ ದೊಡ್ಡ ಕಥೆಗಾರ ಒಬ್ಬ ಸೆರೆಯಾಳು. 1539ರಲ್ಲಿ ಮಾರ್ಕೋಸ್ ದೆ ನೀಸಾ ಎಂಬ ಪಾದ್ರಿ ಉತ್ತರದಲ್ಲಿ ಸೀಬೋಲಾ ಎಂಬ ಶ್ರೀಮಂತ ನಗರವನ್ನು ದೂರದಿಂದ ಕಂಡೆನೆಂದು ವರದಿ ಮಾಡಿದ. ಮರುವರ್ಷ ಫ್ರಾನ್ಸಿಸ್ಕೋ ವಾಸ್ಕೆಸ್ ದೆ ಕೊರೊನಾಡೊ ದಂಡು ಕಟ್ಟಿಕೊಂಡು ಹೊರಟ. ಅವನಿಗೆ ಎದುರಾದದ್ದು ಜುನಿ ಜನರ ಕಲ್ಲುಮಣ್ಣಿನ ಊರು, ಹಾವಿಕು. ಚಿನ್ನದ ಸುಳಿವಿರಲಿಲ್ಲ. ಆಗ ‘ತುರ್ಕ’ ಎಂದು ಸ್ಪೇನಿಗರು ಹೆಸರಿಟ್ಟ ಬಂದಿಯೊಬ್ಬ, ಇನ್ನೂ ಪೂರ್ವಕ್ಕೆ ಕಿವೀರಾ ಎಂಬ ನಾಡಿದೆ, ಅಲ್ಲಿ ಚಿನ್ನಕ್ಕೆ ಬರವಿಲ್ಲ ಎಂದ. 1541ರಲ್ಲಿ ದಂಡು ಈಗಿನ ಕ್ಯಾನ್ಸಸ್‌ವರೆಗೂ ನಡೆಯಿತು. ಕಂಡದ್ದು ಹುಲ್ಲಿನ ಗುಡಿಸಲುಗಳು. ವಿಚಾರಣೆಯಲ್ಲಿ ತುರ್ಕ ನಿಜ ಹೇಳಿದನೆಂದು ದಂಡಿನ ಜೊತೆಗಿದ್ದ ಕಾಸ್ತನ್ಯೇದಾ ಬರೆದಿದ್ದಾನೆ: ಪರಕೀಯರನ್ನು ಬಯಲಿನಲ್ಲಿ ದಾರಿ ತಪ್ಪಿಸಿ ಸೊರಗಿಸು ಎಂದು ಅಲ್ಲಿನ ಮೂಲನಿವಾಸಿಗಳಾದ ಪ್ವೆಬ್ಲೊ ಜನರೇ ಅವನನ್ನು ಕೇಳಿಕೊಂಡಿದ್ದರು. ಸ್ಪೇನಿಗರು ಅವನ ಕತ್ತು ಹಿಸುಕಿ ಕೊಂದರು. ಚಿನ್ನದ ಕಥೆಯನ್ನು ಆಯುಧವಾಗಿ ಬಳಸಿದವನು ಅವನು. ಪ್ವೆಬ್ಲೊ ಜನರ ಊರುಗಳಿಂದ ದಂಡು ಒಂದಿಷ್ಟು ಕಾಲ ದೂರವಾದದ್ದೇ ಅವನ ಗಳಿಕೆ.

ಹಾಗೆಂದು ಆ ನೆಲ ಬರೀ ಸುಳ್ಳನ್ನೇ ಬೆಳೆದಿತ್ತೆನ್ನಲಾಗದು. 1736ರಲ್ಲಿ ಈಗಿನ ಅರಿಜೋನಾ-ಸೊನೋರಾ ಗಡಿಯ ಹತ್ತಿರ, ಅರಿಜೋನಾಕ್ ಎಂಬಲ್ಲಿ, ಯಾಕಿ ಜನಾಂಗದ ಗಣಿಗಾರನೊಬ್ಬನಿಗೆ ನೆಲದ ಮೇಲೇ ಬೆಳ್ಳಿಯ ಗಟ್ಟಿಗಳು ಸಿಕ್ಕವು. ಕೆಲವು ಗಟ್ಟಿಗಳು ಮನುಷ್ಯರಿಂದ ಎತ್ತಲಾಗದಷ್ಟು ಭಾರ. ಸುದ್ದಿ ಹಬ್ಬಿ ಜನ ಮುಗಿಬಿದ್ದರು. ಆ ಪ್ರಾಂತ್ಯದ ಅಧಿಕಾರಿ ಹುವಾನ್ ಬಾವ್ತಿಸ್ತಾ ದೆ ಆನ್ಸಾ ಬೆಳ್ಳಿಯನ್ನು ಜಪ್ತಿ ಮಾಡಿದ. ಇದು ನಿಸರ್ಗದ ಅದಿರೋ ಯಾರೋ ಹೂತಿಟ್ಟ ನಿಧಿಯೋ ಎಂಬುದು ಇತ್ಯರ್ಥವಾಗಬೇಕಿತ್ತು. ಎರಡರಲ್ಲೂ ರಾಜನ ಪಾಲು ಬೇರೆ ಬೇರೆ. ಗಣಿಯನ್ನೂ ನಿಧಿಯನ್ನೂ ಕಲಸಿಬಿಡುವ ಮುಂದಿನ ಕಥೆಗಾರರಿಗಿಂತ ಆ ಅಧಿಕಾರಿಯ ತಲೆ ಸ್ಪಷ್ಟವಾಗಿತ್ತು. ಬೆಳ್ಳಿ ಬೇಗ ಮುಗಿಯಿತು, ಜನ ಚದುರಿದರು, ನೆನಪು ಮಾತ್ರ ಉಬ್ಬುತ್ತಾ ಹೋಯಿತು. 1767ರಲ್ಲಿ ಸ್ಪೇನಿನ ರಾಜ ತನ್ನ ಸಾಮ್ರಾಜ್ಯದಿಂದಲೇ ಜೆಸ್ಯೂಟ್ ಪಾದ್ರಿಗಳನ್ನು ಓಡಿಸಿದಾಗ, ಅವರು ಹೊರಡುವ ಮುನ್ನ ಸಂಪತ್ತನ್ನು ಹೂತಿಟ್ಟರೆಂಬ ಮಾತು ಹುಟ್ಟಿತು. ತುಮಕಾಕೋರಿಯ ಮಿಷನ್ ಚರ್ಚಿನ ನೆಲವನ್ನು ನಿಧಿಗಳ್ಳರು ಅಗೆದು ಹಾಳುಗೆಡವಿದರು. ನಿಧಿಯಾಸೆಗೆ ಗುಡಿ ಅಗೆಯುವವರು ನಮ್ಮಲ್ಲಷ್ಟೇ ಇದ್ದಾರೆಂದು ಯಾರೂ ಕೊರಗಬೇಕಿಲ್ಲ.

ಹತ್ತೊಂಬತ್ತನೆಯ ಶತಮಾನದ ಕಥೆಗಾರರಲ್ಲಿ ಅತ್ಯಂತ ಮೋಜಿನವನು ಥಾಮಸ್ ಸ್ಮಿತ್. ತುಪ್ಪುಳಿನ ಪ್ರಾಣಿಗಳನ್ನು ಹಿಡಿಯುತ್ತಿದ್ದವನು, ಕುದುರೆ ಕಳ್ಳ, ಮರದ ಕಾಲಿನ ‘ಪೆಗ್‌ಲೆಗ್’. ಕ್ಯಾಲಿಫೋರ್ನಿಯಾದ ದಕ್ಷಿಣದ ಮರುಭೂಮಿಯಲ್ಲಿ ಕಪ್ಪು ಲೇಪದ ಚಿನ್ನದ ಹರಳುಗಳು ಚೆಲ್ಲಿದ ದಿಬ್ಬವೊಂದನ್ನು ಕಂಡೆನೆಂದು ಹೆಂಡದಂಗಡಿಗಳಲ್ಲಿ ಹೇಳುತ್ತಿದ್ದ. ಕೇಳುಗರು ಗ್ಲಾಸು ತುಂಬಿಸುತ್ತಿದ್ದರು. ಸ್ಮಿತ್ 1866ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸತ್ತ. ದಿಬ್ಬ ಅವನ ನಂತರವೂ ಜಾಗ ಬದಲಿಸುತ್ತಲೇ ಇದೆ. ಬೊರೇಗೊ ಸ್ಪ್ರಿಂಗ್ಸ್ ಬಳಿ ಅವನ ಹೆಸರಿನ ಕಲ್ಲುಗುಡ್ಡೆಯಿದೆ. ಹುಡುಕಹೊರಟವರು ಹತ್ತು ಕಲ್ಲು ಸೇರಿಸಿ ಹೋಗಬೇಕೆಂದು ಫಲಕ ಹೇಳುತ್ತದೆ, ಅಲ್ಲೇ ಸುಳ್ಳುಗಾರರ ಸ್ಪರ್ಧೆಯೂ ನಡೆಯುತ್ತದೆ. ಇಡೀ ಪರಂಪರೆಯಲ್ಲಿ ತನ್ನನ್ನು ತಾನೇ ನೋಡಿ ನಕ್ಕ ಜಾಗ ಇದೊಂದೇ ಇರಬೇಕು.

ಇವೆಲ್ಲವನ್ನೂ ಸಾಹಿತ್ಯದ ಪಂಕ್ತಿಗೆ ತಂದವರು ಟೆಕ್ಸಾಸಿನ ಜೆ. ಫ್ರಾಂಕ್ ಡೋಬಿ (1888-1964). 1930ರ ‘ಕೊರೊನಾಡೋಸ್ ಚಿಲ್ಡ್ರನ್’ ಮತ್ತು 1939ರ ‘ಅಪಾಚೆ ಗೋಲ್ಡ್ ಅಂಡ್ ಯಾಕಿ ಸಿಲ್ವರ್’ ಅವರ ಎರಡು ಮುಖ್ಯ ಸಂಗ್ರಹಗಳು. ದನಗಾಹಿಗಳು, ಕುರಿಗಾರರು, ಮೆಕ್ಸಿಕನ್ ಗಣಿಗಾರರು ಹೇಳಿದ್ದನ್ನು ಡೋಬಿ ಹೇಳುವವನ ಸಮೇತ ಬರೆದರು. ಚಿನ್ನವನ್ನು ಅವರು ನಂಬಿದರೋ ಇಲ್ಲವೋ, ಹೇಳುವವನ ಕಣ್ಣಿನ ಹೊಳಪನ್ನು ನಂಬಿದರು. ಎರಡನೆಯ ಪುಸ್ತಕದ ಆಡಮ್ಸ್ ಕಥೆ ಅವರ ಕಲೆಯ ತುದಿ. 1864ರ ಸುಮಾರಿಗೆ ಆಡಮ್ಸ್ ಎಂಬ ಗಾಡಿ ಹೊಡೆಯುವವನು ಜೊತೆಗಾರರೊಡನೆ ನ್ಯೂ ಮೆಕ್ಸಿಕೋದ ಯಾವುದೋ ಕೊರಕಲಿನಲ್ಲಿ ಹೇರಳ ಚಿನ್ನ ಕಾಣುತ್ತಾನೆ. ಜಲಪಾತದ ಕೆಳಗೆ ಅಗೆಯಿರಿ, ಮೇಲಕ್ಕೆ ಹೋಗಬೇಡಿ ಎಂದು ಅಪಾಚೆ ಬುಡಕಟ್ಟಿನ ನಾಯಕ ನಾನಾ ಎಚ್ಚರಿಸುತ್ತಾನೆ. ಜೊತೆಗಾರರು ಕೇಳುವುದಿಲ್ಲ, ಹತರಾಗುತ್ತಾರೆ. ಗುಡಿಸಲಿನ ಒಲೆಯ ಕೆಳಗೆ ಹೂತ ಚಿನ್ನ ಅಲ್ಲೇ ಉಳಿಯುತ್ತದೆ. ಬದುಕುಳಿದ ಆಡಮ್ಸ್ ಆ ಕೊರಕಲನ್ನು ವರ್ಷಗಟ್ಟಲೆ ಹುಡುಕುತ್ತಾನೆ, ದಿಕ್ಕೇ ಹತ್ತುವುದಿಲ್ಲ. ಆ ಅಲೆದಾಟವೇ ಡೋಬಿಯ ಕೈಯಲ್ಲಿ ಕಥೆಯ ತಿರುಳಾಗುತ್ತದೆ.

ಡೋಬಿಯ ದೋಷವೂ ಅಲ್ಲೇ ಇದೆ. ಚೆನ್ನಾಗಿ ಹೇಳಬಲ್ಲವನದೇ ಕಥೆ ಎಂಬ ನಿಲುವಿನಿಂದ ಅವರು ಹೇಳಿದವರ ಮಾತನ್ನು ತಿದ್ದಿದರು, ಎರಡು ಮೂರು ಪಾಠಗಳನ್ನು ಹೊಲಿದು ಒಂದು ಮಾಡಿದರು. ಗಡಿಯ ಹಾಡುಗಳ ವಿದ್ವಾಂಸ ಅಮೇರಿಕೋ ಪರೇದೆಸ್ ಇದನ್ನು ಕ್ಷಮಿಸಲಿಲ್ಲ. ತಮ್ಮ ‘ಜಾರ್ಜ್ ವಾಷಿಂಗ್ಟನ್ ಗೋಮೆಸ್’ ಕಾದಂಬರಿಯಲ್ಲಿ ಡೋಬಿಯನ್ನು ಹೋಲುವ ಜಾನಪದ ತಜ್ಞನೊಬ್ಬನನ್ನು ಸೃಷ್ಟಿಸಿ ಗೇಲಿ ಮಾಡಿದರು. ಮೆಕ್ಸಿಕನ್ನರ ಕಥೆಯನ್ನು ಕೊಂಡೊಯ್ದವರು ಮೆಕ್ಸಿಕನ್ನರನ್ನು ಬಣ್ಣದ ಬೊಂಬೆಗಳಾಗಿಸಿದರು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಡೋಬಿಯ ಪರವಾಗಿ ಒಂದು ಮಾತು ಹೇಳಲೇಬೇಕು: ಅವರ ಪುಸ್ತಕ ಓದಿ ಸನಿಕೆ ಹಿಡಿದವನು ಸರಿಯಾಗಿ ಓದಿಲ್ಲ ಎಂದರ್ಥ.

ಡಚ್ಚನ ಕಥೆ ಹಿಡಿದ ದಾರಿ ಬೇರೆ. ದಾಖಲೆಗಳು ಹೇಳುವುದು ಕೊಂಚ ಮಾತ್ರ. ವಾಲ್ಟ್ಸ್ 1861ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಪೌರನಾದ. 1860ರ ದಶಕದಲ್ಲಿ ಬ್ರಾಡ್‌ಶಾ ಬೆಟ್ಟಗಳಲ್ಲಿ ಗಣಿ ಹಕ್ಕು ನೋಂದಾಯಿಸಿದ. ಸೂಪರ್‌ಸ್ಟಿಷನ್ ಬೆಟ್ಟಗಳಲ್ಲಿ ಅವನ ಹೆಸರಿನ ಹಕ್ಕುಪತ್ರ ಸಿಕ್ಕಿಲ್ಲ. 1892ರ ಬೇಸಿಗೆಯಲ್ಲಿ ಜೂಲಿಯಾ ಇದ್ದದ್ದೆಲ್ಲ ಸುರಿದು ಹುಡುಕಿ, ಬರಿಗೈಯಲ್ಲಿ ಬಂದು, ನಕಾಶೆ ಮಾರಿದಳು. ನಷ್ಟ ತುಂಬಿಕೊಳ್ಳಲು ಹೊರಟ ಹೆಂಗಸಿನ ಬಗ್ಗೆ ಕನಿಕರ ಹುಟ್ಟುತ್ತದೆ, ಆದರೆ ಗುಟ್ಟು ಸರಕಾದದ್ದು ಆ ಗಳಿಗೆಯಲ್ಲೇ. 1895ರ ಜನವರಿಯಲ್ಲಿ ಪಿ.ಸಿ. ಬಿಕ್ನೆಲ್ ‘ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್’ನಲ್ಲಿ ಬರೆದ ಲೇಖನ ಕಥೆಯನ್ನು ಅಚ್ಚಿಗೆ ಎರಕ ಹೊಯ್ಯಿತು. ವೀವರ್ಸ್ ನೀಡಲ್ ಎಂಬ ಶಿಲಾಸ್ತಂಭ ಮುಂದೆ ಎಲ್ಲ ನಕಾಶೆಗಳ ನಡುಗಂಬವಾಯಿತು.

1931ರ ಜೂನ್‌ನಲ್ಲಿ ವಾಷಿಂಗ್ಟನ್‌ನಿಂದ ಬಂದ ಅಡಾಲ್ಫ್ ರೂತ್ ಎಂಬ ನಿವೃತ್ತ ನೌಕರ ಹಳೆಯ ನಕಾಶೆ ಹಿಡಿದು ಬೆಟ್ಟ ಹತ್ತಿದ. ಕಾಲು ಊನವಾಗಿತ್ತು, ಬಿಸಿಲು ಕೊಲ್ಲುವಂಥದ್ದು. ಡಿಸೆಂಬರ್‌ನಲ್ಲಿ ಅವನ ತಲೆಬುರುಡೆ ಸಿಕ್ಕಿತು, ಅದರಲ್ಲಿ ತೂತುಗಳಿದ್ದವು. ಗುಂಡೇಟು ಇರಬಹುದೆಂದು ಮಾನವಶಾಸ್ತ್ರಜ್ಞ ಅಲೆಶ್ ಹ್ರದ್ಲಿಚ್ಕಾ ಹೇಳಿದರು; ಸ್ಥಳೀಯ ಅಧಿಕಾರಿಗಳು ಕೊಲೆಯೆಂದು ಒಪ್ಪಲಿಲ್ಲ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಚಿನ್ನ ಮತ್ತು ಬುರುಡೆ ಒಟ್ಟಿಗೆ ಸಿಕ್ಕರೆ ಪತ್ರಿಕೆಗಳಿಗೆ ಇನ್ನೇನು ಬೇಕು? ಅಲ್ಲಿಯವರೆಗೆ ಅರಿಜೋನಾದ ಊರಮಾತಾಗಿದ್ದದ್ದು ದೇಶದ ಮಾತಾಯಿತು.

ಆ ಅಲೆಯ ಮೇಲೆ ಬಂದವನು ಬ್ಯಾರಿ ಸ್ಟಾರ್ಮ್ ಎಂಬ ಕಾವ್ಯನಾಮದ ಲೇಖಕ. 1945ರ ‘ಥಂಡರ್ ಗಾಡ್ಸ್ ಗೋಲ್ಡ್’ನಲ್ಲಿ ಕಥೆಗೆ ಪೀಠಿಕೆಯೊಂದು ದಪ್ಪವಾಗಿ ಕಟ್ಟಲ್ಪಟ್ಟಿತು: ಸೊನೋರಾದ ಪೆರಾಲ್ಟಾ ಮನೆತನ ಈ ಗಣಿಗಳನ್ನು ನಡೆಸುತ್ತಿತ್ತಂತೆ, 1848ರ ಸುಮಾರಿಗೆ ಅಪಾಚೆಗಳು ಅವರನ್ನು ಸಾಮೂಹಿಕವಾಗಿ ಕೊಂದರಂತೆ. ಇಲ್ಲೊಂದು ತಮಾಷೆಯಿದೆ. ಅರಿಜೋನಾದಲ್ಲಿ ‘ಪೆರಾಲ್ಟಾ’ ಹೆಸರನ್ನು ಮನೆಮಾತು ಮಾಡಿದ್ದವನು ಜೇಮ್ಸ್ ರೀವಿಸ್ ಎಂಬ ವಂಚಕ. ಸ್ಪೇನಿನ ಬ್ಯಾರನ್ ಪೆರಾಲ್ಟಾ ಎಂಬ ಇಲ್ಲದ ಒಡೆಯನನ್ನು ಸೃಷ್ಟಿಸಿ, ಕಾಗದಪತ್ರಗಳನ್ನು ಖೋಟಾ ಮಾಡಿ, 1883ರಲ್ಲಿ ಅರಿಜೋನಾದ ನಡುಭಾಗದ ವಿಶಾಲ ನೆಲವೆಲ್ಲ ತನ್ನದೆಂದ; 1895ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು, ರೀವಿಸ್ ಜೈಲು ಕಂಡ. ಕೋರ್ಟಿನಲ್ಲಿ ಸತ್ತ ಪೆರಾಲ್ಟಾ ಬೆಟ್ಟದಲ್ಲಿ ಮತ್ತೆ ಎದ್ದು ಕುಳಿತದ್ದನ್ನು ಬರೀ ಕಾಕತಾಳೀಯ ಎನ್ನಲು ಕಷ್ಟ. 1949ರಲ್ಲಿ ಸ್ಟಾರ್ಮ್‌ನ ಪುಸ್ತಕ ‘ಲಸ್ಟ್ ಫಾರ್ ಗೋಲ್ಡ್’ ಸಿನಿಮಾ ಆಯಿತು. ಅದರಲ್ಲಿ ಬ್ಯಾರಿ ಸ್ಟಾರ್ಮ್ ಡಚ್ಚನ ಮೊಮ್ಮಗ! ನಿಜವಾದ ಸ್ಟಾರ್ಮ್ ಕೊಲಂಬಿಯಾ ಕಂಪನಿಯ ಮೇಲೆ ಮೊಕದ್ದಮೆ ಹೂಡಿದ.

ಡೋಬಿ ಮತ್ತು ಸ್ಟಾರ್ಮ್ ನಡುವೆ ಈ ಪರಂಪರೆ ಎರಡಾಗಿ ಸೀಳಿದೆ. ಡೋಬಿಯಲ್ಲಿ ದಾರಿ ತಪ್ಪುವುದು ಕಥೆಯ ಮುಕ್ತಾಯ. ಸ್ಟಾರ್ಮ್‌ನಲ್ಲಿ ಅದು ಓದುಗನಿಗೆ ಬಿಟ್ಟ ಲೆಕ್ಕ. ಸಂಕೇತ, ಕೋನ, ನೆರಳು ಬೀಳುವ ಹೊತ್ತು ಎಲ್ಲವನ್ನೂ ಕೊಟ್ಟು ಹುಡುಕು ಎನ್ನುವ ಬರವಣಿಗೆ ಅದು. ಓದುಗರು ಹುಡುಕಿದರು, ಕೆಲವರು ಸತ್ತರು. 2010ರ ಜುಲೈನಲ್ಲಿ ಯೂಟಾದಿಂದ ಬಂದ ಮೂವರು ಗಣಿ ಹುಡುಕುತ್ತಾ ಕಾಣೆಯಾದರು. ಅವರ ಅವಶೇಷಗಳು ಸಿಕ್ಕಿದ್ದು ಮರುವರ್ಷ. ಈ ಸಾವುಗಳನ್ನೂ ‘ಶಾಪ’ದ ಲೆಕ್ಕಕ್ಕೆ ಜಮೆ ಮಾಡುವ ಪುಸ್ತಕಗಳ ಬಗ್ಗೆ ಮೃದುವಾಗಿ ಮಾತಾಡಲು ಕಾರಣ ಕಾಣದು. ಜುಲೈ ತಿಂಗಳ ಸೊನೋರಾ ಮರುಭೂಮಿಗೆ ಶಾಪದ ಸಹಾಯ ಬೇಕಿಲ್ಲ.

ಸೂಪರ್‌ಸ್ಟಿಷನ್ ಬೆಟ್ಟಗಳ ಬಹುಭಾಗ ಸುಮಾರು ಎರಡು ಕೋಟಿ ವರ್ಷ ಹಿಂದಿನ ಜ್ವಾಲಾಮುಖಿಗಳು ಉಗುಳಿದ ಬಂಡೆ. ಅಲ್ಲಿ ಭೂವಿಜ್ಞಾನಿಗಳು ದೊಡ್ಡ ಚಿನ್ನವನ್ನು ನಿರೀಕ್ಷಿಸುವುದಿಲ್ಲ. 1984ರಿಂದ ಅಲ್ಲಿನ ಸಂರಕ್ಷಿತ ಪ್ರದೇಶದಲ್ಲಿ ಹೊಸ ಗಣಿ ಹಕ್ಕು ನೋಂದಾಯಿಸುವುದಕ್ಕೂ ಅವಕಾಶವಿಲ್ಲ. ಆದರೆ ಬೆಟ್ಟದ ಪಶ್ಚಿಮದ ಬುಡದಲ್ಲೇ, ಗೋಲ್ಡ್‌ಫೀಲ್ಡ್‌ನಲ್ಲಿ, ವಾಲ್ಟ್ಸ್ ಸತ್ತ ಮರುವರ್ಷ ನಿಜವಾದ ಚಿನ್ನ ಸಿಕ್ಕಿತು. ಪೂರ್ವಕ್ಕೆ ಸಿಲ್ವರ್ ಕಿಂಗ್ ಗಣಿಯ ಕಥೆಯಂತೂ ಈ ಪ್ರಕಾರದ ಎಲ್ಲ ಲಕ್ಷಣಗಳನ್ನೂ ಹೊತ್ತಿದೆ. ರಸ್ತೆ ಕಡಿಯುತ್ತಿದ್ದ ಸಲಿವನ್ ಎಂಬ ಸೈನಿಕ ಕಪ್ಪು ಭಾರದ ಕಲ್ಲುಗಳನ್ನು ಕಂಡ, ಜಾಗ ಹೇಳದೆ ಮಾಯವಾದ. 1875ರಲ್ಲಿ ನಾಲ್ವರಿಗೆ ಅದು ಸಿಕ್ಕಿ ಅರಿಜೋನಾದ ಅತಿ ಶ್ರೀಮಂತ ಬೆಳ್ಳಿ ಗಣಿಗಳಲ್ಲೊಂದಾಯಿತು. ಎಷ್ಟೋ ವರ್ಷದ ಮೇಲೆ ಸಲಿವನ್ ಬಂದು ಅಲ್ಲೇ ಕೂಲಿಗೆ ಸೇರಿದ ಎನ್ನುತ್ತಾರೆ. ಡಚ್ಚನಿಗೆ ಸಿಕ್ಕ ಪುಸ್ತಕಗಳ ಒಂದಂಶವೂ ಸಲಿವನ್‌ಗೆ ಸಿಗಲಿಲ್ಲ. ಗಣಿ ಸಿಕ್ಕಿಬಿಟ್ಟಿತಲ್ಲ!

ಈ ಸಾಹಿತ್ಯದ ದೊಡ್ಡ ಲೋಪ ಅಪಾಚೆಗಳ ವಿಷಯದಲ್ಲಿದೆ. ತುರ್ಕ ಕಥೆ ಹೇಳುವವನಾಗಿದ್ದ. ನಾಲ್ಕು ಶತಮಾನ ಕಳೆಯುವುದರೊಳಗೆ ಮೂಲನಿವಾಸಿ ಬರೀ ಕಾವಲು ಭೂತವಾಗಿಬಿಟ್ಟ. ಗುಡುಗಿನ ದೇವರ ಚಿನ್ನವನ್ನು ಮುಚ್ಚಿಟ್ಟು ಬಂದವರನ್ನು ಕೊಲ್ಲುವುದೇ ಅವನ ಕಸುಬು. ಕಥೆಗಳಲ್ಲಿ ಅಪಾಚೆ ಗಣಿಯನ್ನು ಮರೆಮಾಡುತ್ತಾನೆ. ಇತಿಹಾಸದಲ್ಲಿ ಗಣಿಯೇ ಅಪಾಚೆಯ ನೆಲವನ್ನು ತಿಂದಿತು. 1870ರ ದಶಕದಲ್ಲಿ ಸ್ಯಾನ್ ಕಾರ್ಲೋಸ್ ಮೀಸಲು ಪ್ರದೇಶವನ್ನು ಗೊತ್ತುಮಾಡಿದ ಕೆಲವೇ ವರ್ಷಗಳಲ್ಲಿ, ಗ್ಲೋಬ್ ಸುತ್ತ ಬೆಳ್ಳಿ ಸಿಕ್ಕಿತೆಂದು ಅಲ್ಲಿನ ನೆಲದ ಪಟ್ಟಿಯನ್ನು ಮೀಸಲಿನಿಂದ ಕತ್ತರಿಸಿ ತೆಗೆಯಲಾಯಿತು.

ಆ ಕಥೆ ಮುಗಿದಿಲ್ಲ. ಸೂಪರ್‌ಸ್ಟಿಷನ್ ಬೆಟ್ಟಗಳ ಪೂರ್ವಕ್ಕೆ, ಸುಪೀರಿಯರ್ ಊರಿನಾಚೆ, ಅಪಾಚೆಗಳು ಪವಿತ್ರವೆಂದು ನಂಬುವ ಓಕ್ ಫ್ಲ್ಯಾಟ್ ಇದೆ. ಅದರಡಿಯಲ್ಲಿ ಭಾರಿ ತಾಮ್ರದ ನಿಕ್ಷೇಪವಿದೆ. 2014ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು ರಕ್ಷಣಾ ಮಸೂದೆಯೊಳಗೆ ಸೇರಿಸಿ ಆ ನೆಲವನ್ನು ರಿಯೊ ಟಿಂಟೊ ಮತ್ತು ಬಿಎಚ್‌ಪಿ ಕಂಪನಿಗಳ ಜಂಟಿ ಉದ್ಯಮಕ್ಕೆ ವಿನಿಮಯವಾಗಿ ಕೊಡಲು ಒಪ್ಪಿತು. ಅಪಾಚೆ ಸ್ಟ್ರಾಂಗ್‌ಹೋಲ್ಡ್ ಎಂಬ ಸಂಘಟನೆ ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ ಹೂಡಿದ ದಾವೆಯನ್ನು ಆಲಿಸಲು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿತು. ಈ ಗಣಿಯ ನಕಾಶೆ ಸರ್ಕಾರಿ ಕಡತದಲ್ಲೇ ಇದೆ, ಜಾಗ ಯಾರಿಗೂ ತಪ್ಪುವುದಿಲ್ಲ. ಕಳೆದುಹೋದ ಗಣಿಗಳ ಕಪಾಟಿನಲ್ಲಿ ಇದರ ಬಗ್ಗೆ ಬರೆದ ಪುಸ್ತಕಕ್ಕೆ ಇನ್ನೂ ಜಾಗ ಸಿಕ್ಕಿಲ್ಲ.