ನಕ್ಷತ್ರ ಎಣಿಸುವ ಮೊದಲು ಕೈಗಳನ್ನು ಎಣಿಸಿ

ಅಮೆರಿಕದಲ್ಲಿ ಸುಮಾರು 15 ಸಾವಿರ ನರ್ಸಿಂಗ್ ಹೋಂಗಳಿವೆ. ಅವುಗಳಲ್ಲಿ ಸುಮಾರು 12 ಲಕ್ಷ ಜನ ವಾಸವಾಗಿದ್ದಾರೆ. ನಮ್ಮ ಊರುಗಳ ನರ್ಸಿಂಗ್ ಹೋಂಗಳಂತೆ ಹೆರಿಗೆಗೋ ಸಣ್ಣ ಆಪರೇಷನ್ನಿಗೋ ಸೇರಿ ನಾಲ್ಕು ದಿನದಲ್ಲಿ ಮನೆಗೆ ಮರಳುವ ಜಾಗಗಳಲ್ಲ ಇವು. ಅಲ್ಲಿರುವ ಬಹುಪಾಲು ಜನ ಎದ್ದು ಓಡಾಡಲಾರದ, ತಾವಾಗಿ ಉಣ್ಣಲಾರದ, ಮರೆವಿನ ಕಾಯಿಲೆಗೆ ಸಿಕ್ಕ ಹಿರಿಯರು. ಸರ್ಕಾರದ ಹಣ ಪಡೆಯುವ ಇಂಥ ಪ್ರತಿ ಮನೆಗೂ ಅಲ್ಲಿನ ಕೇಂದ್ರ ಸರ್ಕಾರ ಒಂದರಿಂದ ಐದರವರೆಗೆ ನಕ್ಷತ್ರ ಕೊಟ್ಟು ಪ್ರಕಟಿಸುತ್ತದೆ. ಹಿರಿಯರ ಆರೈಕೆಯ ಗುಣಮಟ್ಟ ಅಳೆಯಲು ಜಗತ್ತಿನಲ್ಲಿ ನಡೆದಿರುವ ಅತಿ ದೊಡ್ಡ ಪ್ರಯತ್ನಗಳಲ್ಲಿ ಇದೂ ಒಂದು. ಈಗ ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲೂ ಹಾಸಿಗೆ ಹಿಡಿದವರನ್ನು ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುವ ಮನೆಗಳು ಹೆಚ್ಚುತ್ತಿವೆ. ಮಕ್ಕಳು ದೂರದ ದೇಶದಲ್ಲಿ ಕುಳಿತು ಇಂಟರ್‌ನೆಟ್ಟಿನ ನಕ್ಷತ್ರ ನೋಡಿ ಅಪ್ಪ ಅಮ್ಮನಿಗೆ ಜಾಗ ಹುಡುಕುತ್ತಿದ್ದಾರೆ. ಆದ್ದರಿಂದ ಅಮೆರಿಕದ ಈ ಅಳತೆಗೋಲು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನು ನಾವು ಗಮನವಿಟ್ಟು ನೋಡಬೇಕಿದೆ.

ಈ ವ್ಯವಸ್ಥೆಯ ಬೇರು ಗಟ್ಟಿಯಾಗಿದೆ. 1986ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನರ್ಸಿಂಗ್ ಹೋಂಗಳ ದುಃಸ್ಥಿತಿಯ ಬಗ್ಗೆ ಒಂದು ವರದಿ ಕೊಟ್ಟಿತು. ಅದರ ಬೆನ್ನಿಗೇ, 1987ರಲ್ಲಿ, ಸುಧಾರಣಾ ಕಾಯ್ದೆ ಬಂತು. ಅದಕ್ಕೂ ಮೊದಲು ತಪಾಸಣೆಯೆಂದರೆ ಕಟ್ಟಡ, ಕಡತ, ಪರವಾನಗಿಗಳನ್ನು ನೋಡುವುದೇ ಹೆಚ್ಚಾಗಿತ್ತು. ಹೊಸ ಕಾಯ್ದೆ ಕೇಳಿದ ಪ್ರಶ್ನೆ ಬೇರೆ: ಇಲ್ಲಿರುವ ವ್ಯಕ್ತಿ ತನ್ನಿಂದ ಸಾಧ್ಯವಾದಷ್ಟು ಚೆನ್ನಾಗಿ ಬದುಕುತ್ತಿದ್ದಾನೆಯೇ? ದೇಹ ಮಾತ್ರವಲ್ಲ, ಮನಸ್ಸೂ, ಜನರೊಡನೆ ಇರುವ ನಂಟೂ ಈ ಪ್ರಶ್ನೆಯೊಳಗೆ ಸೇರಿದ್ದವು. ಬೀಳುತ್ತಾರೆಂಬ ನೆಪದಲ್ಲಿ ಮುದುಕರನ್ನು ಮಂಚಕ್ಕೂ ಕುರ್ಚಿಗೂ ಕಟ್ಟಿಹಾಕುವುದು ಆ ಕಾಲದಲ್ಲಿ ಮಾಮೂಲಿಯಾಗಿತ್ತು. ಸಿಬ್ಬಂದಿಯ ಅನುಕೂಲಕ್ಕಾಗಿ ಹಾಗೆ ಕಟ್ಟಬಾರದೆಂದು ಕಾಯ್ದೆ ವಿಧಿಸಿತು. ಮುಂದಿನ ದಶಕಗಳಲ್ಲಿ ಆ ಪದ್ಧತಿ ಬಹುತೇಕ ನಿಂತೇಹೋಯಿತು. ಅಳೆದು, ಕೇಳಿ, ದಂಡ ಹಾಕಿದರೆ ಆರೈಕೆ ಸುಧಾರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

1998ರಲ್ಲಿ ಪ್ರತಿ ನರ್ಸಿಂಗ್ ಹೋಂನ ಮಾಹಿತಿಯನ್ನು ಸಾರ್ವಜನಿಕರ ಮುಂದಿಡುವ ಕೆಲಸ ಶುರುವಾಯಿತು. 2008ರ ಡಿಸೆಂಬರ್‌ನಲ್ಲಿ ಅದಕ್ಕೆ ನಕ್ಷತ್ರಗಳು ಸೇರಿಕೊಂಡವು. ಲೆಕ್ಕಕ್ಕೆ ಮೂರು ಆಧಾರಗಳಿವೆ. ಮೊದಲನೆಯದು ಸರ್ಕಾರಿ ತಪಾಸಣೆ. ಎರಡನೆಯದು ಸಿಬ್ಬಂದಿಯ ಪ್ರಮಾಣ. ಮೂರನೆಯದು ಹಾಸಿಗೆ ಹುಣ್ಣು, ಬಿದ್ದು ಮೂಳೆ ಮುರಿಯುವುದು, ಮನೋರೋಗದ ಮಾತ್ರೆಗಳ ಬಳಕೆ ಮೊದಲಾದ ಸೂಚಕಗಳು. ತಪಾಸಣೆಯ ನಕ್ಷತ್ರದಿಂದ ಲೆಕ್ಕ ಆರಂಭವಾಗುತ್ತದೆ. ಉಳಿದೆರಡರಲ್ಲಿ ತೀರಾ ಚೆನ್ನಾಗಿದ್ದರೆ ನಕ್ಷತ್ರ ಏರುತ್ತದೆ, ತೀರಾ ಕಳಪೆಯಾಗಿದ್ದರೆ ಇಳಿಯುತ್ತದೆ.

ಮೂರರಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದದ್ದು ತಪಾಸಣೆಯೇ. ಸುಮಾರು ವರ್ಷಕ್ಕೊಮ್ಮೆ, ಮುಂಚೆ ತಿಳಿಸದೆ ತಪಾಸಕರು ಬರುತ್ತಾರೆ. ಊಟದ ಹೊತ್ತಿಗೆ ಪಕ್ಕದಲ್ಲಿ ನಿಂತು ನೋಡುತ್ತಾರೆ, ಔಷಧ ಕೊಡುವುದನ್ನು ಗಮನಿಸುತ್ತಾರೆ, ಅಲ್ಲಿರುವವರನ್ನೂ ಮನೆಯವರನ್ನೂ ಮಾತನಾಡಿಸುತ್ತಾರೆ. ಕಂಡ ಲೋಪಗಳನ್ನು ತೀವ್ರತೆಗೆ ತಕ್ಕಂತೆ ವರ್ಗೀಕರಿಸಿ ವರದಿ ಬರೆಯುತ್ತಾರೆ. ಆ ವರದಿಯನ್ನು ಯಾರು ಬೇಕಾದರೂ ಓದಬಹುದು. ಹಿರಿಯರ ಮೇಲೆ ದೌರ್ಜನ್ಯ ನಡೆದದ್ದು ದಾಖಲಾದ ಮನೆಯ ಹೆಸರಿನ ಮುಂದೆ 2019ರಿಂದ ಕೆಂಪು ವೃತ್ತದೊಳಗೆ ಚಾಚಿದ ಅಂಗೈಯ ಗುರುತು ಬೀಳುತ್ತದೆ. ಓದಲು ಪುರುಸೊತ್ತಿಲ್ಲದವರಿಗೂ ಅದರ ಅರ್ಥ ತಿಳಿಯುತ್ತದೆ.

ಆದರೆ ಉಳಿದೆರಡು ಆಧಾರಗಳು ಬಹುಕಾಲ ನಿಂತದ್ದು ಮಾಲೀಕರ ಮಾತಿನ ಮೇಲೆ. ಎಷ್ಟು ನರ್ಸ್‌ಗಳಿದ್ದಾರೆ, ಎಷ್ಟು ಸಹಾಯಕರಿದ್ದಾರೆ ಎಂಬುದನ್ನು ನರ್ಸಿಂಗ್ ಹೋಂಗಳೇ ಬರೆದುಕೊಡುತ್ತಿದ್ದವು, ಸರ್ಕಾರ ನಂಬುತ್ತಿತ್ತು. 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ದೌರ್ಬಲ್ಯವನ್ನು ಬಯಲಿಗೆಳೆಯಿತು. ಆಮೇಲೆ ಸಂಬಳದ ಪಟ್ಟಿಯ ಆಧಾರದಲ್ಲಿ ಸಿಬ್ಬಂದಿಯ ಲೆಕ್ಕ ಕೇಳುವ ಕ್ರಮ ಬಂತು. 2018ರಿಂದ ನಕ್ಷತ್ರಕ್ಕೂ ಅದೇ ಆಧಾರವಾಯಿತು. ಹಾಸಿಗೆ ಹುಣ್ಣು, ಬಿದ್ದ ಗಾಯಗಳಂಥ ಸೂಚಕಗಳಲ್ಲಿ ಹಲವು ಇವತ್ತಿಗೂ ಆಯಾ ಮನೆಯ ನರ್ಸ್‌ಗಳೇ ತುಂಬುವ ನಮೂನೆಯಿಂದ ಬರುತ್ತವೆ. ಪರೀಕ್ಷೆ ಬರೆದವನ ಕೈಗೇ ಉತ್ತರ ಪತ್ರಿಕೆಯ ಮೌಲ್ಯಮಾಪನವನ್ನೂ ಕೊಟ್ಟ ಹಾಗೆ ಇದು.

ಇದರ ಫಲ ಎಷ್ಟು ಕ್ರೂರವಾಗಬಹುದು ಎನ್ನುವುದಕ್ಕೆ ಮಾತ್ರೆಗಳ ಕಥೆ ನೋಡಬೇಕು. ಮರೆವಿನ ಕಾಯಿಲೆಯ ಹಿರಿಯರು ರಾತ್ರಿ ಕೂಗುತ್ತಾರೆ, ಅಲೆಯುತ್ತಾರೆ, ಸ್ನಾನಕ್ಕೆ ಕರೆದರೆ ಹೊಡೆಯಲು ಬರುತ್ತಾರೆ. ತಾಳ್ಮೆಯಿಂದ ಜೊತೆಗೆ ಕೂರಲು ಜನವಿಲ್ಲದ ಕಡೆ ಅವರನ್ನು ಮಂಕಾಗಿಸುವ ಮಾತ್ರೆ ಸುಲಭದ ದಾರಿ. ಇಂಥ ಮಾತ್ರೆಗಳಿಂದ ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೂ 2008ರಲ್ಲೂ ಎಚ್ಚರಿಸಿತ್ತು. ಸರ್ಕಾರ ಈ ಬಳಕೆಯನ್ನು ಸೂಚಕವಾಗಿಸಿತು. ಆದರೆ ಸ್ಕಿಜೋಫ್ರೇನಿಯಾ ಇರುವವರಿಗೆ ಈ ಮಾತ್ರೆ ನಿಜಕ್ಕೂ ಬೇಕಾಗುವುದರಿಂದ ಅವರನ್ನು ಲೆಕ್ಕದಿಂದ ಹೊರಗಿಟ್ಟಿತು. 2021ರಲ್ಲಿ ಅದೇ ಪತ್ರಿಕೆ ಮತ್ತೊಂದು ತನಿಖಾ ವರದಿ ಪ್ರಕಟಿಸಿತು. ಹೊರಗಿನ ಸಮಾಜದಲ್ಲಿ ಸುಮಾರು 150 ಜನರಲ್ಲಿ ಒಬ್ಬರಿಗಿರುವ ಸ್ಕಿಜೋಫ್ರೇನಿಯಾ, ನರ್ಸಿಂಗ್ ಹೋಂಗಳ ಕಾಗದದಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗಿತ್ತು! ನಕ್ಷತ್ರ ಉಳಿಸಿಕೊಳ್ಳಲು ಮುದುಕರ ತಲೆಗೆ ಇಲ್ಲದ ರೋಗ ಕಟ್ಟಲಾಗಿತ್ತು. 2023ರಲ್ಲಿ ಸರ್ಕಾರ ಇಂಥ ರೋಗನಿರ್ಣಯಗಳನ್ನು ಪರಿಶೀಲಿಸಿ, ಸುಳ್ಳು ಕಂಡಲ್ಲಿ ನಕ್ಷತ್ರ ಇಳಿಸುವ ಕ್ರಮ ಆರಂಭಿಸಿತು. ಹಗ್ಗವನ್ನು ಕಾಯ್ದೆ ಬಿಡಿಸಿತ್ತು. ಕಟ್ಟಿಹಾಕುವ ಕೆಲಸವನ್ನು ಮಾತ್ರೆ ವಹಿಸಿಕೊಂಡಿತ್ತು.

ಎರಡನೆಯ ದೋಷ ಲೆಕ್ಕದ ಒಳಗೇ ಇದೆ. ತಪಾಸಣೆಯ ಐದು ನಕ್ಷತ್ರ ಸಿಗುವುದು ಆಯಾ ರಾಜ್ಯದ ಮೊದಲ ಶೇ 10ರಷ್ಟು ಮನೆಗಳಿಗೆ, ಒಂದೇ ನಕ್ಷತ್ರ ಸಿಗುವುದು ಕೊನೆಯ ಶೇ 20ರಷ್ಟು ಮನೆಗಳಿಗೆ. ಇಡೀ ರಾಜ್ಯದ ಆರೈಕೆ ಕಳಪೆಯಾಗಿದ್ದರೂ ಅಲ್ಲಿ ಐದು ನಕ್ಷತ್ರದವರು ಇದ್ದೇ ಇರುತ್ತಾರೆ. ನೆರೆಮನೆಗಿಂತ ಮೇಲು ಎಂದು ಈ ನಕ್ಷತ್ರ ಹೇಳಬಲ್ಲದು. ನನ್ನ ತಾಯಿಗೆ ಇದು ಸಾಕೇ ಎಂಬ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ.

ಮೂರನೆಯದು, ಎಲ್ಲವನ್ನೂ ಕೂಡಿಸಿ ಒಂದೇ ಅಂಕಿ ಮಾಡುವುದರಿಂದ ಬರುವ ದೋಷ. ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್ ಊರಿನ ಲೈಫ್ ಕೇರ್ ಸೆಂಟರ್‌ನಲ್ಲಿ 2020ರ ಫೆಬ್ರವರಿ ಕೊನೆಯಲ್ಲಿ ಕೊರೊನಾ ಕಾಣಿಸಿತು. ಆ ಒಂದು ಮನೆಗೆ ಸಂಬಂಧಿಸಿದಂತೆ 30ಕ್ಕೂ ಹೆಚ್ಚು ಜನ ತೀರಿಕೊಂಡರು. ಅದಕ್ಕಿದ್ದದ್ದು ಐದು ನಕ್ಷತ್ರ. ಹಿಂದಿನ ವರ್ಷದ ತಪಾಸಣಾ ವರದಿಯಲ್ಲಿ ಸೋಂಕು ತಡೆಯುವುದರಲ್ಲಿನ ಲೋಪ ದಾಖಲಾಗಿತ್ತು. ವರದಿ ಹೇಳಿದ್ದನ್ನು ನಕ್ಷತ್ರ ಮುಚ್ಚಿಹಾಕಿತ್ತು. ಅಂದು ಎಂಥ ಮನೆಯೂ ತತ್ತರಿಸುತ್ತಿತ್ತು ಎನ್ನುವುದು ನಿಜ. ಆದರೂ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ: ನಕ್ಷತ್ರ ಬೇಗ ಓದಿಸಿಕೊಳ್ಳುತ್ತದೆ, ಸತ್ಯವಿರುವುದು ವರದಿಯ ವಾಕ್ಯಗಳಲ್ಲಿ.

ಹಾಗಾದರೆ ಆರೈಕೆಯ ಗುಣವನ್ನು ಯಾವುದರಿಂದ ತಿಳಿಯಬೇಕು? ನನ್ನ ಉತ್ತರ ಒಂದೇ: ಕೈಗಳ ಲೆಕ್ಕದಿಂದ. ತಾನಾಗಿ ಹೊರಳಲಾರದ ವ್ಯಕ್ತಿಯನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ, ಒಡೆದು, ಹುಣ್ಣು ಮೂಳೆಯವರೆಗೂ ಇಳಿಯುತ್ತದೆ. ನುಂಗಲು ಕಷ್ಟವಿರುವವರಿಗೆ ಗಂಜಿ ಕುಡಿಸಲು ಅರ್ಧ ಗಂಟೆ ಬೇಕು. ಐದು ನಿಮಿಷದಲ್ಲಿ ಮುಗಿಸಲು ಹೋದರೆ ಅನ್ನ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಒದ್ದೆಯಾದ ಡೈಪರ್ ಬೆಳಗಿನವರೆಗೂ ಕಾಯಲಾಗದು. ಹುಣ್ಣು, ಸೋಂಕು, ತೂಕ ಇಳಿಯುವುದು, ಬೀಳುವುದು ಎಲ್ಲದರ ಹಿಂದೆ ಹೆಚ್ಚಿನ ಸಲ ಇರುವುದು ಒಂದೇ ಕಾರಣ: ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ.

2001ರಲ್ಲಿ ಅಮೆರಿಕದ ಸರ್ಕಾರಕ್ಕಾಗಿ ನಡೆದ ಅಧ್ಯಯನವು, ದೀರ್ಘಕಾಲ ಇರುವ ಒಬ್ಬರಿಗೆ ದಿನಕ್ಕೆ 4.1 ಗಂಟೆಗಳಷ್ಟು ನರ್ಸಿಂಗ್ ಸಿಬ್ಬಂದಿಯ ಸಮಯ ಸಿಗದಿದ್ದರೆ ಆರೈಕೆಯ ಗುಣ ಕುಸಿಯುತ್ತದೆ ಎಂದು ಕಂಡುಕೊಂಡಿತು. 2024ರಲ್ಲಿ ಸರ್ಕಾರ 3.48 ಗಂಟೆಯ ಕನಿಷ್ಠ ನಿಯಮ ತಂದಿತು. ಅರವತ್ತು ಜನರಿರುವ ಮನೆಯಲ್ಲಿ ಇದನ್ನು ಪಾಲಿಸಲು ಎಂಟು ಗಂಟೆಯ ಪಾಳಿಗೆ ಎಂಟೊಂಬತ್ತು ಜನ ಬೇಕು. ತನ್ನದೇ ಅಧ್ಯಯನ ಹೇಳಿದ್ದಕ್ಕಿಂತ ಕಡಿಮೆಯಾದ ಆ ನಿಯಮವೂ ಉಳಿಯಲಿಲ್ಲ. ಮಾಲೀಕರ ಸಂಘಗಳು ಕೋರ್ಟಿಗೆ ಹೋದವು, 2025ರಲ್ಲಿ ಟೆಕ್ಸಸ್‌ನ ಕೇಂದ್ರೀಯ ನ್ಯಾಯಾಲಯ ಅದನ್ನು ರದ್ದುಮಾಡಿತು. ನರ್ಸಿಂಗ್ ಹೋಂಗಳಲ್ಲಿ ಸುಮಾರು ಶೇ 70ರಷ್ಟು ಲಾಭಕ್ಕಾಗಿ ನಡೆಯುವ ದೇಶದಲ್ಲಿ ಅತಿ ದೊಡ್ಡ ಖರ್ಚೆಂದರೆ ಸಂಬಳ. ಲಾಭ ಬೇಕಾದಾಗ ಮೊದಲು ಕತ್ತರಿ ಬೀಳುವುದೂ ಅಲ್ಲಿಗೇ. ನಕ್ಷತ್ರದ ವ್ಯವಸ್ಥೆ ಇದನ್ನು ತಡವಾಗಿಯಾದರೂ ಅರ್ಥಮಾಡಿಕೊಂಡಿದೆ. 2022ರಿಂದ ಶನಿವಾರ, ಭಾನುವಾರ ಎಷ್ಟು ಜನ ಕೆಲಸದಲ್ಲಿರುತ್ತಾರೆ, ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟುಹೋಗುತ್ತಾರೆ ಎಂಬುದೂ ಅಂಕಕ್ಕೆ ಸೇರಿದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದು. ಆರು ತಿಂಗಳಿಂದ ಅದೇ ಆಯಾ ಸ್ನಾನ ಮಾಡಿಸುತ್ತಿದ್ದರೆ ಚರ್ಮದ ಮೇಲಿನ ಹೊಸ ಕೆಂಪು ಅವಳ ಕಣ್ಣಿಗೆ ಬೀಳುತ್ತದೆ. ನಿನ್ನೆ ತಾನೇ ಬಂದವಳಿಗೆ ಅದು ಹೊಸದೆಂದು ಗೊತ್ತಾಗುವುದು ಹೇಗೆ?

ಇನ್ನು ನಮ್ಮಲ್ಲಿಗೆ ಬರೋಣ. ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣದ ಕುರಿತು 2007ರಲ್ಲಿ ಕೇಂದ್ರದ ಕಾಯ್ದೆ ಬಂತು. ಜಿಲ್ಲೆಗೊಂದಾದರೂ, ಕನಿಷ್ಠ 150 ಬಡ ಹಿರಿಯರಿಗೆ ಸಾಲುವ ವೃದ್ಧಾಶ್ರಮವನ್ನು ರಾಜ್ಯಗಳು ತೆರೆಯಬಹುದೆಂದು ಅದರ 19ನೇ ಸೆಕ್ಷನ್ ಹೇಳುತ್ತದೆ. ಹಣ ಕೊಟ್ಟು ಸೇರುವ ಖಾಸಗಿ ಆರೈಕೆ ಮನೆಗಳ ಗುಣಮಟ್ಟದ ಬಗ್ಗೆ ಅದು ಹೆಚ್ಚೇನೂ ಹೇಳುವುದಿಲ್ಲ. ಹಿರಿಯರ ಮನೆಗಳಿಗೆ ನೋಂದಣಿ, ಕನಿಷ್ಠ ಮಾನದಂಡಗಳನ್ನು ತರಬೇಕೆಂದಿದ್ದ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಅಂಗೀಕಾರವಾಗದೆ ಆ ಲೋಕಸಭೆಯ ಅವಧಿಯೊಂದಿಗೇ ಮುಗಿದುಹೋಯಿತು. ಹಾಗಾಗಿ ಕುಟುಂಬಗಳ ಕೈಯಲ್ಲಿ ಉಳಿದಿರುವುದು ಜಾಹೀರಾತಿನ ಫೋಟೊಗಳು ಮತ್ತು ಅಪರಿಚಿತರು ಕೊಟ್ಟ ನಕ್ಷತ್ರಗಳು. ಅಮೆರಿಕದ ನಕ್ಷತ್ರದ ಹಿಂದೆ ದೋಷವಿದ್ದರೂ ಒಂದು ತಪಾಸಣೆಯಿದೆ. ಇಲ್ಲಿನ ನಕ್ಷತ್ರದ ಹಿಂದೆ ಅದೂ ಇಲ್ಲ.

ನಮ್ಮ ಆರೈಕೆಗೆ ಅಲ್ಲಿನ ಅಳತೆಗೋಲಿನಲ್ಲಿಲ್ಲದ ಒಂದು ಮುಖವೂ ಇದೆ. ಮರೆವು ಹೆಚ್ಚಿದಂತೆ ಆಮೇಲೆ ಕಲಿತ ಇಂಗ್ಲಿಷ್, ಹಿಂದಿಗಳು ಅನೇಕರಲ್ಲಿ ಮೊದಲು ಜಾರಿಹೋಗುತ್ತವೆ, ಬಾಲ್ಯದ ಮಾತು ಉಳಿಯುತ್ತದೆ. ಧಾರವಾಡದ ಅಜ್ಜಿಯೊಬ್ಬರು 'ನೀರಡಿಕಿ ಆಗೇದ' ಎಂದರೆ ಏಜೆನ್ಸಿಯಿಂದ ದೂರದ ರಾಜ್ಯದಿಂದ ಬಂದ ಹುಡುಗಿಗೆ ಅದು ಅರ್ಥವಾಗದಿರಬಹುದು. ತಪ್ಪು ಆ ಹುಡುಗಿಯದಲ್ಲ. ಹನ್ನೆರಡು ಗಂಟೆಯ ಪಾಳಿ, ಕಡಿಮೆ ಸಂಬಳದಲ್ಲಿ ದುಡಿಯುವ ಅವಳಿಗೆ ಐವತ್ತು ಕನ್ನಡದ ಮಾತು ಕಲಿಸುವುದು ಮನೆಯ ಕರ್ತವ್ಯ. ಬಾಯಾರಿಕೆ ಹೇಳಿಕೊಳ್ಳಲಾಗದ ಕಡೆ ಎಷ್ಟು ಒಳ್ಳೆಯ ಮಂಚವಿದ್ದರೂ ಅದನ್ನು ಒಳ್ಳೆಯ ಆರೈಕೆ ಎನ್ನಲಾಗದು.

ಅಪ್ಪ ಅಮ್ಮನಿಗಾಗಿ ಮನೆ ಹುಡುಕುವವರು ಸ್ವಾಗತ ಕೊಠಡಿಯನ್ನು ನೋಡಿ ಮರಳಬಾರದು. ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ, ಅವರಲ್ಲಿ ತರಬೇತಾದ ನರ್ಸ್ ಇದ್ದಾರೆಯೇ ಎಂದು ಕೇಳಿ. ಕಳೆದ ವರ್ಷದಿಂದ ಇಲ್ಲೇ ಕೆಲಸ ಮಾಡುತ್ತಿರುವವರು ಯಾರು ಎಂದು ಕೇಳಿ. ಮಗ್ಗುಲು ಬದಲಿಸಿದ ದಾಖಲೆ, ತಿಂಗಳ ತೂಕದ ದಾಖಲೆ ತೋರಿಸಲು ಹೇಳಿ. ಯಾವ ಮಾತ್ರೆ ಏಕೆ ಕೊಡುತ್ತಾರೆಂದು ಬರೆಸಿಕೊಳ್ಳಿ. ಹೇಳದೆ ಊಟದ ಹೊತ್ತಿಗೋ ಭಾನುವಾರ ಸಂಜೆಗೋ ಹೋಗಿ. ಹೊತ್ತು ನಿಗದಿ ಮಾಡದೆ ಒಳಗೆ ಬಿಡುವುದೇ ಇಲ್ಲ ಎನ್ನುವ ಮನೆಯಾದರೆ ಬೇರೆಡೆ ಹುಡುಕಿ. ಉಪೇಕ್ಷೆ, ದೌರ್ಜನ್ಯ ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ ಅಮೆರಿಕದ ನಕ್ಷತ್ರ ವ್ಯವಸ್ಥೆ ಅರ್ಧ ಗೆದ್ದ ಪ್ರಯೋಗ. ಹೇಳದೆ ಬರುವ ತಪಾಸಣೆ, ಎಲ್ಲರೂ ಓದಬಹುದಾದ ವರದಿ, ಸಂಬಳದ ಪಟ್ಟಿಯಿಂದ ತೆಗೆದ ಸಿಬ್ಬಂದಿ ಲೆಕ್ಕ ಈ ಮೂರೂ ಅದರ ನಿಜವಾದ ಸಾಧನೆ. ಮಾಲೀಕರೇ ತುಂಬುವ ನಮೂನೆ, ಎಲ್ಲವನ್ನೂ ಒಂದೇ ಅಂಕಿಗೆ ಇಳಿಸುವ ಆಸೆ ಅದರ ಸೋಲು. ಕರ್ನಾಟಕ ಸರ್ಕಾರ ಖಾಸಗಿ ಆರೈಕೆ ಮನೆಗಳಿಗೆ ನಿಯಮ ಬರೆಯುವಾಗ ಮೊದಲಿನ ಮೂರನ್ನು ತೆಗೆದುಕೊಳ್ಳಲಿ, ನಕ್ಷತ್ರಗಳನ್ನು ಅಲ್ಲಿಯೇ ಬಿಡಲಿ. ತಪಾಸಣಾ ವರದಿಗಳು ಕನ್ನಡದಲ್ಲಿ, ಮನೆಯ ಬಾಗಿಲಲ್ಲಿ, ಬಂದವರೆಲ್ಲ ಓದುವಂತೆ ತೂಗಬೇಕು.