ಐವತ್ತು ದಾಟಿದ ಕುಂಚ

ವಯಸ್ಸು ಮೀರಿದ ಮೇಲೆ ಕುಂಚ ಹಿಡಿದವರ ಚಿತ್ರಗಳಿಗೆ ನಾವು ರಿಯಾಯಿತಿ ತೋರಿಸುವುದುಂಟು. ನನ್ನ ಮಟ್ಟಿಗೆ ಅದು ಉಪೇಕ್ಷೆಯ ಇನ್ನೊಂದು ಹೆಸರು. ರುಮಾಲೆ ಚನ್ನಬಸವಯ್ಯನವರು (1910–1988) ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಲ್ಲವನ್ನೂ ದಾಟಿ, ಐವತ್ತರ ನಂತರ ಚಿತ್ರಕಲೆಗೆ ಮರಳಿದರು. ಮರಳಿದರು ಎಂಬ ಮಾತನ್ನು ಗಮನಿಸಬೇಕು. ಯೌವನದಲ್ಲೇ ಅವರ ಕೈ ಪಳಗಿತ್ತು. ಬೆಂಗಳೂರಿನ ಹೂಮರಗಳನ್ನು ಅವರಂತೆ ಹಬ್ಬವಾಗಿಸಿದವರು ವಿರಳ. ಆದರೂ ಒಮ್ಮೊಮ್ಮೆ ಆ ಬಣ್ಣ ನನಗೆ ಗದ್ದಲವೆನಿಸುತ್ತದೆ, ಕಣ್ಣಿಗೆ ಬಿಡುವಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ನಿವೃತ್ತಿಯ ಮೇಲೆ ಜಲವರ್ಣಕ್ಕೆ ಕೈಹಾಕಿದ ನನ್ನಂಥವರಿಗೆ ಅವರ ಬಿಸಿಲು ಒದಗದು. ಪುನರ್ವಸು ಮಳೆಯಲ್ಲಿ ಕಾಗದ ಬೇಗ ಆರುವುದೇ ಇಲ್ಲ. ಅವಸರಪಟ್ಟು ಒಂದರ ಮೇಲೊಂದು ಬಣ್ಣವಿಟ್ಟರೆ ಎರಡೂ ಕಲಸಿ ರಾಡಿ. ಇಲ್ಲಿಗೆ ತಕ್ಕ ಗುರು ಅವನೀಂದ್ರನಾಥರ ಶಿಷ್ಯ ಕೆ. ವೆಂಕಟಪ್ಪನವರು (1886–1965). ಅವರ ಊಟಿಯ ಜಲವರ್ಣಗಳಲ್ಲಿ ಮಂಜು ಬೆಟ್ಟದೊಳಗಿನಿಂದಲೇ ಎದ್ದುಬಂದಂತಿದೆ. ಅದು ಕಾಯುವವನ ಕೆಲಸ. ಕಾಯುವುದಕ್ಕೆ ನಿವೃತ್ತರಿಗೆ ಪುರುಸೊತ್ತುಂಟು. ತುಂಗೆಯಾಚೆಯ ಕಾಡಿಗೆ ಈಗ ನಾನು ಹಸಿರನ್ನು ಬದಿಗಿಟ್ಟು ನೀಲಿಬೂದಿಯನ್ನೇ ಕಲಸುತ್ತಿದ್ದೇನೆ.